ಹತ್ತು ನಿಮಿಷದ ಆಕಾಶ

ಮಾಗಿಯ ಚಳಿ ಕಾಲಿಟ್ಟಿತೆಂದರೆ ನಮ್ಮ ಸೋಮವಾರಪೇಟೆಗೆ ಎರಡು ಬಗೆಯ ಜನ ಬರುತ್ತಾರೆ: ಕಾಫಿ ಕೊಯ್ಯಲು ಬರುವವರು, ಕಾಫಿ ಕುಡಿಯಲು ಬರುವವರು. ಮೊದಲನೆಯವರು ಮಂಜು ಇನ್ನೂ ಹರಿಯದ ಬೆಳಗಿನಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡು, ಜೀಪುಗಳಲ್ಲಿ ಒತ್ತಾಗಿ ಕುಳಿತು ತೋಟಗಳ ಕಡೆಗೆ ಸಾಗುತ್ತಾರೆ. ಎರಡನೆಯವರು ಬಿಸಿಲೇರಿದ ಮೇಲೆ ಕಾರಿನ ಗಾಜು ಇಳಿಸಿ, ದಾರಿಯಲ್ಲಿ ಸಿಕ್ಕವರನ್ನು, “ಇಲ್ಲಿ ನೋಡುವಂಥದು ಏನಿದೆ?” ಎಂದು ಕೇಳುತ್ತಾರೆ. ಇಬ್ಬರೂ ಬಂದರೇ ಊರಿಗೆ ಕಳೆ. ಇಬ್ಬರಲ್ಲಿ ಯಾರು ಬಾರದಿದ್ದರೂ ಅಂಗಡಿಯವರ ಮುಖ ಬಾಡುತ್ತದೆ.

ಈ ಎರಡನೆಯ ವರ್ಗದವರ ಅಪೇಕ್ಷೆಗಳು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವುದನ್ನು ನಾನು ಕುತೂಹಲದಿಂದ ಗಮನಿಸುತ್ತ ಬಂದಿದ್ದೇನೆ. ನಾನು ಹುಡುಗನಾಗಿದ್ದಾಗ ಬೆಂಗಳೂರಿನ ನಂಟರನ್ನು ಹಾರಂಗಿ ಅಣೆಕಟ್ಟಿಗೆ ಕರೆದೊಯ್ದು, ಮರುದಿನ ಮಲ್ಲಳ್ಳಿ ಜಲಪಾತವನ್ನು ತೋರಿಸಿಬಿಟ್ಟರೆ ಆತಿಥ್ಯ ಸಾಂಗವಾಗುತ್ತಿತ್ತು. ಈಗ ಹಾಗಲ್ಲ. ನೀರಿನಲ್ಲಿ ತೇಲಬೇಕು, ಹಗ್ಗಕ್ಕೆ ಜೋತು ಜಾರಬೇಕು, ಆನೆಗೆ ಸ್ನಾನ ಮಾಡಿಸಬೇಕು. ಕಳೆದ ಡಿಸೆಂಬರಿನಲ್ಲಿ ಅಕ್ಕ, ಭಾವ ಮಕ್ಕಳೊಡನೆ ಬಂದಿದ್ದಾಗ ಹನ್ನೆರಡು ವರ್ಷದ ಸೋದರಳಿಯ ಇನ್ನೂ ಒಂದು ಮೆಟ್ಟಿಲು ಮೇಲೇರಿದ.

“ಮಾವ, ನಿಮ್ಮೂರಲ್ಲಿ ಹೆಲಿಕಾಪ್ಟರ್ ಇಲ್ವಾ?”

“ಯಾಕಪ್ಪಾ?”

“ಬೆಟ್ಟದ ಮೇಲೆ ಒಂದು ರೌಂಡ್ ಹೋಗೋಕೆ.”

ಅವನು ತನ್ನ ಫೋನಿನಲ್ಲಿ ಚಿತ್ರಗಳನ್ನೂ ತೋರಿಸಿದ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾ ಕಂದರದ ಮೇಲೆ, ನ್ಯೂಜಿಲೆಂಡಿನ ಹಿಮನದಿಗಳ ಮೇಲೆ, ಹವಾಯಿ ದ್ವೀಪಗಳ ಮೇಲೆ ತಂದೆ, ತಾಯಿ, ಮಕ್ಕಳೆಲ್ಲ ಕಿವಿಗೆ ದಪ್ಪನೆಯ ಸಾಧನಗಳನ್ನು ಧರಿಸಿ, ಹಲ್ಲು ಕಿರಿಯುತ್ತ ತೇಲುತ್ತಿದ್ದರು. ಭಾವನವರು ಪತ್ರಿಕೆಯಿಂದ ತಲೆಯೆತ್ತದೆಯೇ, “ಮೊದಲು ಖರ್ಚೆಷ್ಟು ಕೇಳೋ” ಎಂದರು. ಅಕ್ಕ, “ನಂಗಂತೂ ಭಯ” ಎಂದಳು. ಒಳಗಿನಿಂದ ಬಂದ ಉತ್ತರ ಮಾತ್ರ ಅನಿರೀಕ್ಷಿತವಾಗಿತ್ತು. ನಮ್ಮ ತಾಯಿಯವರು ಅಡುಗೆಮನೆಯ ಬಾಗಿಲಿಗೆ ಬಂದು, “ಭಯ ಎಂಥದ್ದೂ ಇಲ್ಲ. ನಾನು ಹೋಗಿ ಬಂದಿದ್ದೀನಲ್ಲ!” ಎಂದರು.

ಅದು ನಿಜ. ಆ ಕಥೆಯನ್ನು ಹೇಳುವ ಮೊದಲು ಈ ಯಂತ್ರದ ಬಗ್ಗೆ ಎರಡು ಮಾತು. ಪಾಠ ಹೇಳುವವನ ಚಾಳಿಯನ್ನು ವಾಚಕರು ಸಹಿಸಿಕೊಳ್ಳಬೇಕು. ಹೆಲಿಕಾಪ್ಟರ್ ಎಂಬ ಪದವನ್ನು ಎಲ್ಲರೂ ‘ಹೆಲಿ’ ಮತ್ತು ‘ಕಾಪ್ಟರ್’ ಎಂದು ಒಡೆಯುತ್ತಾರೆ. ಹಾಗೆ ಒಡೆದೇ ‘ಹೆಲಿಪ್ಯಾಡ್’ ಹುಟ್ಟಿದ್ದು. ಗ್ರೀಕ್ ಮೂಲದಲ್ಲಿ ಅದು ‘ಹೆಲಿಕೊ’ ಮತ್ತು ‘ಪ್ಟೆರಾನ್’: ಸುರುಳಿ, ರೆಕ್ಕೆ. ಸುರುಳಿರೆಕ್ಕೆಯದು ಎಂದು ಅರ್ಥ. ಸಂಧಿ ಬಿಡಿಸುವುದರಲ್ಲಿ ನಮ್ಮ ವಿದ್ಯಾರ್ಥಿಗಳು ಮಾತ್ರವೇ ತಪ್ಪುವುದಿಲ್ಲ, ಇಡೀ ಜಗತ್ತೇ ತಪ್ಪಬಲ್ಲುದು ಎಂಬುದಕ್ಕೆ ನಾನು ತರಗತಿಯಲ್ಲಿ ಇದನ್ನೇ ಉದಾಹರಿಸುತ್ತೇನೆ. ವಿಮಾನ ಮುಂದಕ್ಕೆ ಓಡಿದರಲ್ಲದೆ ಅದರ ರೆಕ್ಕೆಗೆ ಗಾಳಿಯ ಆಸರೆ ಸಿಕ್ಕದು. ಹೆಲಿಕಾಪ್ಟರಾದರೋ ರೆಕ್ಕೆಯನ್ನೇ ತಿರುಗಿಸಿ, ಗಾಳಿಯನ್ನು ಕೆಳಕ್ಕೆ ನೂಕಿ, ನಿಂತ ಜಾಗದಿಂದಲೇ ಮೇಲೇಳುತ್ತದೆ. ತಲೆಯ ಮೇಲಿನ ರೆಕ್ಕೆ ಒಂದು ಕಡೆಗೆ ತಿರುಗಿದರೆ ಒಡಲು ಇನ್ನೊಂದು ಕಡೆಗೆ ತಿರುಗಲು ಹವಣಿಸುತ್ತದೆಯಷ್ಟೆ. ಅದನ್ನು ತಡೆಯಲೆಂದೇ ಬಾಲದಲ್ಲಿ ಒಂದು ಪುಟ್ಟ ಗಿರಿಗಿಟ್ಟಲೆ. ನಮ್ಮ ನಾಡಿಗೆ ಇದೇನೂ ದೂರದ ವಸ್ತುವಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ರೂಪಿಸಿದ ‘ಧ್ರುವ’ ಮೊದಲ ಬಾರಿಗೆ ಹಾರಿದ್ದು 1992ರಲ್ಲಿ. ಅದೇ ಸಂಸ್ಥೆಯ ಹೊಸ ಹೆಲಿಕಾಪ್ಟರ್ ಕಾರ್ಖಾನೆ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಆರಂಭವಾಯಿತು. ನಮ್ಮ ನೆರೆಯ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಸೈನ್ಯವನ್ನು ಬಿಟ್ಟು, ಬೇಸಾಯ ಮಾಡಿ, ಆಮೇಲೆ ಡೆಕ್ಕನ್ ಏವಿಯೇಷನ್ ಎಂಬ ಹೆಲಿಕಾಪ್ಟರ್ ಬಾಡಿಗೆಯ ಕಂಪನಿಯನ್ನು 1997ರಲ್ಲಿ ನಡೆಸತೊಡಗಿದರು. ಹೇಮಾವತಿಯ ದಡದ ಒಬ್ಬ ಮೇಷ್ಟರ ಮಗ ಆಕಾಶವನ್ನು ಬಾಡಿಗೆಗೆ ಕೊಟ್ಟನೆಂದರೆ, ಅದೇನು ಸಾಮಾನ್ಯವೆ?

ಇನ್ನು ತಾಯಿಯವರ ಯಾನ. ಮೈಸೂರಿನಲ್ಲಿ ದಸರೆಯ ದಿನಗಳಲ್ಲಿ ಲಲಿತಮಹಲಿನ ಬಳಿಯ ಹೆಲಿಪ್ಯಾಡಿನಿಂದ ನಗರದ ಮೇಲೆ ಒಂದು ಸುತ್ತು ಹಾರಿಸಿಕೊಂಡು ಬರುವ ಏರ್ಪಾಡು ಕೆಲವು ವರ್ಷಗಳಲ್ಲಿ ನಡೆದಿದೆ. 2017ರ ದಸರೆಯಲ್ಲಿ ಹತ್ತು ನಿಮಿಷದ ಹಾರಾಟಕ್ಕೆ ತಲೆಗೆ ಎರಡು ಸಾವಿರ ರೂಪಾಯಿಗೂ ಮೇಲಿತ್ತು. ಆಗ ನನಗೆ ಕೆಲಸ ಸಿಕ್ಕಿ ಬಹಳ ಕಾಲವಾಗಿರಲಿಲ್ಲ. ಮದುವೆಯೂ ಆಗಷ್ಟೇ ಆಗಿತ್ತು. ಮೂವರ ಟಿಕೆಟಿಗೆ ನಾನು ಕೊಟ್ಟ ಹಣ ತಿಳಿದ ಮೇಲೆ ತಾಯಿಯವರು ಹೆಲಿಪ್ಯಾಡು ತಲುಪುವವರೆಗೂ ನನ್ನೊಡನೆ ಮಾತಾಡಲಿಲ್ಲ.

ಅಲ್ಲಿ ಮೊದಲು ನಮ್ಮನ್ನು ತೂಗಿದರು. ಯಾರು ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ತೂಕ ನೋಡಿ ನಿರ್ಧರಿಸುತ್ತಾರೆ. ಭಾರ ಒಂದೇ ಕಡೆಗೆ ಬೀಳಬಾರದು. ತಾಯಿಯವರಿಗೆ ಇದು ಬಹಳ ಹಿಡಿಸಿತು. “ಕಾಫಿ ಮೂಟೆ ತೂಗಿದ ಹಾಗೆ ತೂಗಿದರಲ್ಲೋ! ತೇವ ಎಷ್ಟು ಅಂತಲೂ ನೋಡ್ತಾರೇನು?” ಎಂದು ಅವರು ಮೊದಲ ಸಲ ನಕ್ಕರು. ರೆಕ್ಕೆಯ ಗಾಳಿಗೆ ಸೀರೆಯ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ, ತೋಟದ ಗೇಟು ನುಸುಳುವವರಂತೆ ಒಳಹೊಕ್ಕರು.

ಮೇಲೇಳುವಾಗ ನನಗೆ ಆದ ಅನುಭವವನ್ನು ಬರೆಯುವುದಕ್ಕಿಂತ ಅವರು ಅಂದಿನ ಸಂಜೆ ಹೇಳಿದ ಮಾತನ್ನು ಬರೆಯುವುದೇ ಲೇಸು. “ಗಾಡಿ ಮೇಲಕ್ಕೆ ಹೋದ ಹಾಗೆ ಆಗಲಿಲ್ಲ, ಊರೇ ನಮ್ಮನ್ನು ಬಿಟ್ಟು ಕೆಳಕ್ಕೆ ಇಳಿದ ಹಾಗಾಯ್ತು. ಬರೋವಾಗ ಮರ ಎಲ್ಲ ಒಂದೊಂದಾಗಿ ಎದ್ದು ನಿಂತುಕೊಂಡವು.” ಈ ಮಾತನ್ನು ಕೇಳಿ ನಾನು ಬೆರಗಾದೆ. ‘ಶಾಕುಂತಲ’ ನಾಟಕದ ಏಳನೆಯ ಅಂಕದಲ್ಲಿ ದುಷ್ಯಂತ ಇಂದ್ರನ ರಥದಲ್ಲಿ ಕುಳಿತು ಭೂಮಿಗೆ ಇಳಿಯುತ್ತಾನೆ. ಅಲ್ಲಿ ಕಾಳಿದಾಸ ವರ್ಣಿಸುವುದೂ ಇದನ್ನೇ: ಬೆಟ್ಟಗಳು ತಲೆಯೆತ್ತುತ್ತವೆ, ಎಲೆಯ ರಾಶಿಯಾಗಿದ್ದುದು ಕಾಂಡ ಪಡೆದು ಮರವಾಗುತ್ತದೆ, ಕಾಣದಿದ್ದ ನದಿಗಳು ಅಗಲವಾಗುತ್ತವೆ. ‘ರಘುವಂಶ’ದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕ ವಿಮಾನದಿಂದ ರಾಮ ಸೀತೆಗೆ ಕಡಲನ್ನೂ ಕಾಡನ್ನೂ ತೋರಿಸುತ್ತ ಬರುವುದಂತೂ ಪ್ರಸಿದ್ಧವೇ ಆಗಿದೆ. ಎಂದೂ ಹಾರದ ಕವಿ ಅದನ್ನು ಹೇಗೆ ಕಂಡನೋ! ಬೆಟ್ಟದ ನೆತ್ತಿಯಿಂದ ಇಳಿದುಬರುವಾಗ ಕಂಡಿರಬಹುದು ಎಂಬುದು ನನ್ನ ಊಹೆ. ಎಂ.ಎ. ತರಗತಿಯಲ್ಲಿ ಕೈಗೆ ಸಿಕ್ಕದ ಪ್ರಶ್ನೆಯೊಂದು ದಸರೆಯ ಟಿಕೆಟಿನಲ್ಲಿ ಸಿಕ್ಕಿತು.

ಮೇಲಿನಿಂದ ಅರಮನೆ ಬೊಂಬೆಮನೆಯಂತೆ ಕಂಡಿತು. ಕಾರಂಜಿ ಕೆರೆ, ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ಎಲ್ಲವೂ ಬಂದು ಹೋದುವು. ನನ್ನಾಕೆ ಚಿತ್ರ ತೆಗೆಯುವುದರಲ್ಲಿ ಮಗ್ನಳಾಗಿದ್ದಳು. ತಾಯಿಯವರು ಮಾತ್ರ ಇದಾವುದನ್ನೂ ನೋಡುತ್ತಿರಲಿಲ್ಲ. ಗಾಜಿಗೆ ಹಣೆಯಿಟ್ಟು ದೂರ ದಿಟ್ಟಿಸುತ್ತಿದ್ದರು. ಯಂತ್ರದ ಗದ್ದಲದಲ್ಲಿ ನನ್ನ ತೋಳು ಜಗ್ಗಿ ಏನನ್ನೋ ಕೇಳಿದರು, ತುಟಿಯ ಚಲನೆಯಿಂದ ತಿಳಿದುಕೊಂಡೆ: “ಪುಷ್ಪಗಿರಿ ಯಾವ ಕಡೆ?”

ನಾನು ಪಶ್ಚಿಮಕ್ಕೆ ಕೈ ತೋರಿಸಿದೆ. ಅಲ್ಲಿ ನಸುನೀಲಿಯ ಮಬ್ಬು ಬಿಟ್ಟು ಬೇರೇನೂ ಇರಲಿಲ್ಲ. ಅವರು ಆ ಮಬ್ಬನ್ನೇ ನೋಡುತ್ತ ಕುಳಿತರು. ಅಷ್ಟರಲ್ಲಿ ಹತ್ತು ನಿಮಿಷ ಮುಗಿಯಿತು.

ಈ ಪ್ರಶ್ನೆಯ ಹಿಂದಿನ ಸಂಗತಿಯನ್ನು ಹೊರಗಿನವರಿಗೆ ವಿವರಿಸಬೇಕು. ನಮ್ಮ ತಾಯಿ ಮದುವೆಯಾಗಿ ಬಂದುದು ಶಾಂತಳ್ಳಿಯ ಕಡೆಯ ಮನೆಗೆ. ಅಲ್ಲಿಯ ಅಂಗಳದಲ್ಲಿ ನಿಂತರೆ ಎದುರಿಗೇ ಪುಷ್ಪಗಿರಿ. ತಡಿಯಂಡಮೋಳನ್ನು ಬಿಟ್ಟರೆ ಕೊಡಗಿನಲ್ಲಿ ಅದೇ ಎತ್ತರ, 1,712 ಮೀಟರು. ಭತ್ತ ಒಣಹಾಕುವಾಗ, ಕಾಫಿ ಕಣ ಗುಡಿಸುವಾಗ, ಮಕ್ಕಳಿಗೆ ಎಣ್ಣೆ ಹಚ್ಚುವಾಗ ಎಲ್ಲ ಹೊತ್ತಿನಲ್ಲಿಯೂ ಆ ಬೆಟ್ಟ ಅವರ ಕಣ್ಣೆದುರಿಗೆ ಇತ್ತು. ಹತ್ತಿದವರು ಮಾತ್ರ ಗಂಡಸರು. ಮನೆಯ ಕೆಲಸ ಮುಗಿದು, ಮಕ್ಕಳು ಬೆಳೆದು, ಇನ್ನು ಹೋಗಬಹುದು ಎನ್ನುವ ಹೊತ್ತಿಗೆ ಮಂಡಿ ಕೈಕೊಟ್ಟಿತು. ಬೆಂಗಳೂರಿನ ಹುಡುಗ ಹುಡುಗಿಯರು ಶನಿವಾರ ಬಂದು ಭಾನುವಾರ ಹತ್ತಿಳಿದು ಹೋಗುವ ಬೆಟ್ಟವನ್ನು ಅದರ ಬುಡದಲ್ಲಿ ನಲವತ್ತು ವರ್ಷ ಬಾಳಿದವರು ಕಂಡಿಲ್ಲ. ಆದುದರಿಂದಲೇ, ಬೆಟ್ಟವನ್ನು ಕಾಣುವ ಹಕ್ಕು ಹತ್ತಿದವನಿಗೇ ಸೇರಿದ್ದು ಎಂದು ಕೆಲವು ಚಾರಣಪ್ರಿಯ ಸ್ನೇಹಿತರು ವಾದಿಸುವಾಗ ನನಗೆ ಒಪ್ಪಿಗೆಯಾಗುವುದಿಲ್ಲ. ಕೇದಾರಕ್ಕೆ ಇಂದು ಎಷ್ಟೋ ಮಂದಿ ವೃದ್ಧರು ಹೆಲಿಕಾಪ್ಟರಿನಲ್ಲಿ ಹೋಗಿ ಬರುತ್ತಾರೆ. ಅವರ ದರ್ಶನ ಅರ್ಧ ದರ್ಶನವೆಂದು ಹೇಳುವ ಧೈರ್ಯ ಯಾರಿಗಿದೆ?

ಅಳಿಯನಿಗೆ ನಾನು ಇದನ್ನೆಲ್ಲ ಹೇಳಲಿಲ್ಲ, ಭೂಪಟ ಹರಡಿದೆ. ನಮ್ಮೂರ ಮೇಲೆ ಅಂಥ ಹತ್ತು ನಿಮಿಷ ಸಿಕ್ಕಿದರೆ ಏನು ಕಾಣುತ್ತದೆ ಎಂಬುದನ್ನು ಬೆರಳಿನಿಂದಲೇ ಹಾರಿ ನೋಡಿದೆವು. ಸೋಮವಾರಪೇಟೆಯಿಂದ ಮೇಲೆದ್ದರೆ ಮೊದಲು ಸಿಲ್ವರ್ ಮರಗಳ ನೆತ್ತಿ. ಕಾಫಿ ಗಿಡ ಕಾಣದು, ಅದು ನೆರಳಿನಡಿ ಅಡಗಿರುತ್ತದೆ. ನಡುನಡುವೆ ಕೆಂಪು ಕಾಫಿಹಣ್ಣು ಹರಡಿದ ಕಣಗಳು ಮಾತ್ರ ಕುಂಕುಮದ ಬೊಟ್ಟಿನಂತೆ ಕಂಡಾವು. ಆಮೇಲೆ ಪುಷ್ಪಗಿರಿಯ ಸಾಲು. ಅಲ್ಲಿ ಬಿದ್ದ ಮಳೆ ಇಬ್ಭಾಗವಾಗುವುದನ್ನು ರಸ್ತೆಯಲ್ಲಿ ಹೋಗುವವನು ಎಂದೂ ಕಾಣಲಾರ. ರಸ್ತೆ ಅವನನ್ನು ಸುತ್ತಿಸಿ ಸುತ್ತಿಸಿ ದಿಕ್ಕು ತಪ್ಪಿಸಿರುತ್ತದೆ. ಮಲ್ಲಳ್ಳಿಯಲ್ಲಿ ಧುಮುಕುವ ಕುಮಾರಧಾರೆ ಪಡುವಣಕ್ಕೆ ಹರಿದು, ಸುಬ್ರಹ್ಮಣ್ಯವನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನ ಕಡಲಿಗೆ ಬೀಳುತ್ತದೆ. ಅದೇ ಬೆಟ್ಟಸಾಲಿನ ಈ ಮಗ್ಗುಲಿನ ನೀರು ಹಾರಂಗಿಯಾಗಿ ಕೂಡಿಗೆಯಲ್ಲಿ ಕಾವೇರಿಗೆ ಕೂಡಿ, ಕೃಷ್ಣರಾಜಸಾಗರವನ್ನು ತುಂಬಿ, ತಮಿಳುನಾಡಿನ ಗದ್ದೆಗಳನ್ನು ದಾಟಿ ಮೂಡಣ ಕಡಲಿಗೆ ಹೋಗುತ್ತದೆ. ಒಂದೇ ಸಾಲಿನ ಎರಡು ಪಕ್ಕೆಗಳು ಎರಡು ಸಮುದ್ರಗಳಿಗೆ ನೀರು ಕೊಡುತ್ತವೆ. ಹುಡುಗ ಕೆಲ ಹೊತ್ತು ಸುಮ್ಮನಿದ್ದು, “ಮಾವ, ಹಾಗಾದ್ರೆ ನಮ್ಮ ಬೆಂಗಳೂರಿನ ನಲ್ಲಿಯಲ್ಲಿ ಬರೋದು ಈ ನೀರೇನಾ?” ಎಂದ. ಕಾವೇರಿಯ ನೀರು ಬರುವ ಬಡಾವಣೆಯಾದರೆ, ಅದರಲ್ಲಿ ಈ ಬೆಟ್ಟದ ಪಾಲೂ ಉಂಟು ಎಂದೆ. ಕೊಡಗಿನ ಪ್ರವಾಸಕ್ಕೆ ಬಂದವರೆಲ್ಲ ಇಷ್ಟನ್ನು ತಿಳಿದುಕೊಂಡು ಹೋದರೆ ಸಾಕಾಗಿತ್ತು.

ಹಾಗಿದ್ದರೆ ನಮ್ಮ ಬೆಟ್ಟಗಳ ಮೇಲೆ ಹೆಲಿಕಾಪ್ಟರ್ ಹಾರಲಿ ಎಂದು ನಾನು ಬರೆದುಬಿಡಬಹುದಾಗಿತ್ತು. 2018 ಅಡ್ಡ ಬರುತ್ತದೆ.

ಮೈಸೂರಿನ ನಮ್ಮ ಯಾನಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಆ ಆಗಸ್ಟ್ ನಡುವಿನಲ್ಲಿ ಮಳೆ ನಿಲ್ಲದೆ ಸುರಿದು, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಜೋಡುಪಾಲದ ಬೆಟ್ಟಗಳು ಕುಸಿದುವು. ತೋಟ, ಮನೆ, ಗದ್ದೆ, ರಸ್ತೆ ಒಟ್ಟಾಗಿ ಕೆಸರಾಗಿ ಹರಿದುವು. ಹಲವರು ಜೀವ ಕಳೆದುಕೊಂಡರು; ಸಾವಿರಾರು ಮಂದಿ ಪರಿಹಾರ ಶಿಬಿರಗಳಲ್ಲಿ ದಿನ ದೂಡಿದರು. ಬೆಟ್ಟದ ಮೇಲಿನ ಮನೆಗಳಲ್ಲಿ ಸಿಕ್ಕಿಕೊಂಡವರಿಗೆ ಆ ದಿನಗಳಲ್ಲಿ ಆಕಾಶವೊಂದೇ ತೆರೆದ ದಾರಿಯೆಂದು ತೋರಿತ್ತು. ಆದರೆ ಆಕಾಶವೂ ಮುಚ್ಚಿತ್ತು. ಹೆಲಿಕಾಪ್ಟರ್ ನಡೆಸುವವನಿಗೆ ಬೆಟ್ಟದ ನಡುವೆ ಕಣ್ಣೇ ದಾರಿ. ಮೋಡ ನೆಲಕ್ಕಿಳಿದು ಕುಳಿತ ಕಣಿವೆಯಲ್ಲಿ ಮರ ಯಾವುದು, ತಂತಿ ಯಾವುದು, ಬರೆ ಯಾವುದು ಎಂದು ತಿಳಿಯದೆ ಅವನು ಇಳಿಯಲಾರ. ಹೆಚ್ಚಿನವರನ್ನು ಬದುಕಿಸಿದ್ದು ಸೈನಿಕರ ಮತ್ತು ಊರ ಹುಡುಗರ ಹಗ್ಗ, ಹೆಗಲು. ಮುದುಕರನ್ನು ಕುರ್ಚಿಯಲ್ಲಿ ಕೂರಿಸಿ, ಕಂಬಳಿಯಲ್ಲಿ ಕಟ್ಟಿ ಹೊತ್ತು ತಂದರು.

ಮಾದಾಪುರದ ಕಡೆಯ ನಮ್ಮ ನಂಟರ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಮನೆ ಉಳಿಯಿತು, ಮನೆಯ ಹಿಂದಿನ ತೋಟ ಉಳಿಯಲಿಲ್ಲ. ಆ ಮೇಲೆ ಮೋಡ ಸರಿದು, ಅಧಿಕಾರಿಗಳೂ ಮಂತ್ರಿಗಳೂ ವೈಮಾನಿಕ ಸಮೀಕ್ಷೆಗೆಂದು ಬಂದಾಗ, ಮುಂದಿನ ವರ್ಷದ ಮಳೆಗಾಲದಲ್ಲಿ ಎಲ್ಲೋ ದೂರದಲ್ಲಿ ಆ ಸದ್ದು ಕೇಳಿದಾಗ, ಅಜ್ಜ ಊಟ ಬಿಟ್ಟೆದ್ದು ಅಂಗಳಕ್ಕೆ ಬರುತ್ತಿದ್ದರು. ಮಕ್ಕಳು ಮರಿ ಎಲ್ಲ ಕತ್ತು ಎತ್ತಿ ಆಕಾಶ ನೋಡಿದರೆ ಅವರು ಬೆನ್ನು ತಿರುಗಿಸಿ ಬರೆಯನ್ನು ನೋಡುತ್ತಿದ್ದರು. ಸದ್ದು ದೂರವಾಗುವವರೆಗೂ ಹಾಗೆಯೇ ನಿಂತಿರುತ್ತಿದ್ದರು. ಒಂದು ಸಲ ನಾನೇ ಅದನ್ನು ಕಂಡಿದ್ದೇನೆ. ರಜೆಯ ಸುಖಕ್ಕಾಗಿ ದಿನಕ್ಕೆ ಇಪ್ಪತ್ತು ಸಲ ಆ ಸದ್ದು ಆ ಅಂಗಳದ ಮೇಲೆ ಹಾಯ್ದು ಹೋಗಬೇಕೆಂದು ಹೇಳಲು ನನಗೆ ಮನಸ್ಸು ಬಾರದು.

ಇದರ ಜೊತೆಗೆ ಕಾಡಿನ ಮಾತೂ ಉಂಟು. ಪುಷ್ಪಗಿರಿ ವನ್ಯಜೀವಿಧಾಮ, ಆನೆಗಳು ಓಡಾಡುವ ಜಾಗ. ಕೊಯ್ಲಿನ ಕಾಲದಲ್ಲಿ ಬೆದರಿದ ಆನೆ ತೋಟಕ್ಕೆ ನುಗ್ಗಿದರೆ ಎದುರಿಗೆ ಸಿಕ್ಕುವವರು ಮೇಲೆ ಹಾರುವ ಪ್ರವಾಸಿಗಳಲ್ಲ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಬಿಡಿಸುವ ಹೆಂಗಸರು. ಮೈಸೂರಿನಲ್ಲಿಯೇ 2021ರಲ್ಲಿ, ಲಲಿತಮಹಲಿನ ಬಳಿ ಹೆಲಿ ಪ್ರವಾಸೋದ್ಯಮಕ್ಕಾಗಿ ನೂರಕ್ಕೂ ಹೆಚ್ಚು ಮರ ಕಡಿಯುವ ಪ್ರಸ್ತಾಪ ಹೊರಬಿದ್ದಾಗ ನಗರದ ಜನ ಒಟ್ಟಾಗಿ ವಿರೋಧಿಸಿದರು. ನಗರದವರಿಗೆ ಮರದ ಬೆಲೆ ತಿಳಿದಿದೆ. ಆದರೆ ನಮ್ಮ ಕಡೆ ಮರ ಹೆಚ್ಚಿರುವುದರಿಂದ ಕೆಲವು ಹೋದರೆ ಏನಂತೆ ಎನ್ನುವವರು ನಮ್ಮಲ್ಲಿಯೇ ಇದ್ದಾರೆ.

ಹಾಗಾದರೆ ಏನು ಮಾಡಬೇಕು? ಭಾವನವರು ಮಾರುಕಟ್ಟೆಯ ಭಾಷೆಯಲ್ಲಿ, “ಜನಕ್ಕೆ ಬೇಕು ಅಂದ್ಮೇಲೆ ಬಂದೇ ಬರುತ್ತೆ ಬಿಡು” ಎಂದರು. ಬರುವುದಾದರೆ ಹೀಗೆ ಬರಲಿ ಎಂದು ನಾನು ಹೇಳಿದೆ: ವರ್ಷದಲ್ಲಿ ಕೆಲವೇ ದಿನ, ಕಾಡಿನಿಂದ ದೂರದ ಬಯಲಿನಿಂದ, ಕುಶಾಲನಗರದ ಕಡೆಯಿಂದ ಹೊರಟು, ಬೆಟ್ಟದ ಮೈಗೆ ಅಂಟದೆ ದೂರದಿಂದಲೇ ತೋರಿಸಿ ಹಿಂದಿರುಗಲಿ, ಮೊದಲ ಸೀಟು ಮಂಡಿನೋವಿನ ಹಳ್ಳಿಯ ಮುದುಕಿಯರಿಗೆ ಇರಲಿ. ಭಾವನವರು ನಕ್ಕರು. ವ್ಯಾಪಾರ ಬಲ್ಲವರು ನಗಲೇಬೇಕಾದ ಮಾತದು. ಆದರೆ ನಾನು ಅದನ್ನು ತಮಾಷೆಗೆ ಹೇಳಿರಲಿಲ್ಲ.

ಅಳಿಯನ ಮುಖ ನೋಡಿ, ಮರುದಿನ ಬೆಳಗ್ಗೆ ಒಂದು ಜೀಪು ಗೊತ್ತುಮಾಡಿದೆವು. ಕೋಟೆಬೆಟ್ಟದ ನೆತ್ತಿಯ ಹತ್ತಿರದವರೆಗೆ ಜೀಪು ಹೋಗುತ್ತದೆ. ಆ ದಾರಿಯನ್ನು ರಸ್ತೆಯೆಂದು ಕರೆಯುವುದಕ್ಕೆ ಸಾಕಷ್ಟು ಔದಾರ್ಯ ಬೇಕು. ತಾಯಿಯವರನ್ನು ಚಾಲಕನ ಪಕ್ಕದಲ್ಲಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆವು. ಅಕ್ಕ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದಳು. ಜೀಪು ನಿಂತಲ್ಲಿಂದ ಸ್ವಲ್ಪ ದೂರ ನಾನೂ ಭಾವನವರೂ ತಾಯಿಯವರ ಎರಡು ತೋಳು ಹಿಡಿದು ನಡೆಸಿಕೊಂಡು ಹೋದೆವು. ಬಂಡೆಯೊಂದರ ಮೇಲೆ ಕುಳಿತರು. ಮಂಜು ಕಣಿವೆಯಲ್ಲಿ ಮಾತ್ರ ಉಳಿದಿತ್ತು. ಅದರಾಚೆ, ಮಬ್ಬಿಲ್ಲದ ಮಾಗಿಯ ಬೆಳಕಿನಲ್ಲಿ, ಪುಷ್ಪಗಿರಿ ನೆತ್ತಿಯವರೆಗೂ ನಿಚ್ಚಳವಾಗಿ ನಿಂತಿತ್ತು.

“ನಮ್ಮ ಅಂಗಳದಿಂದ ಕಾಣೋದು ಇದರ ಇನ್ನೊಂದು ಮಗ್ಗುಲು” ಎಂದರು ತಾಯಿಯವರು. ಬಹಳ ಹೊತ್ತು ಬೇರೇನೂ ಹೇಳಲಿಲ್ಲ.

ಅಳಿಯ ಬೇರೆಲ್ಲೋ ನೋಡುತ್ತಿದ್ದ. ಕೆಳಗಿನ ಇಳಿಜಾರಿನ ಕಡುಹಸಿರಿನ ನಡುವೆ ಉದ್ದಕ್ಕೆ ಎಳೆದಂತೆ ತಿಳಿಹಸಿರಿನ ಪಟ್ಟೆಗಳಿದ್ದುವು. “ಅಲ್ಲಿ ಏನು ಬೆಳೆ ಹಾಕಿದ್ದಾರೆ?” ಎಂದು ಜೀಪಿನವನನ್ನು ಕೇಳಿದ.

“ಬೆಳೆ ಅಲ್ಲ ಮಗ, ಅದು ಬರೆ ಜರಿದ ಜಾಗ. ಹದಿನೆಂಟನೇ ಇಸವೀದು. ಈಗ ಕಾಡುಗಿಡ ಬಂದಿದೆ.”

“ಹೆಲಿಕಾಪ್ಟರ್ ಬರಲಿಲ್ವಾ?”

“ಇವತ್ತಿನ ಹಾಗೆ ಬಿಸಿಲಿದ್ದಿದ್ದರೆ ಇಲ್ಲೇ ಇಳಿಸಬಹುದಿತ್ತು. ಅವತ್ತು ನಮ್ಮ ಕೈ ನಮಗೇ ಕಾಣ್ತಿರಲಿಲ್ಲ.”

ಹುಡುಗ ಫೋನನ್ನು ಜೇಬಿಗಿಟ್ಟು, ಆ ಪಟ್ಟೆಗಳನ್ನು ಒಂದು, ಎರಡು ಎಂದು ಬೆರಳಿನಲ್ಲಿ ಎಣಿಸತೊಡಗಿದ. ತಾಯಿಯವರು ಬುತ್ತಿಯ ಗಂಟು ಬಿಚ್ಚಿ, ಬಾಳೆಯೆಲೆಯಲ್ಲಿ ಕಟ್ಟಿ ತಂದಿದ್ದ ಕಡುಬನ್ನು ಮೊದಲು ಜೀಪಿನವನ ಕೈಗೆ ಕೊಟ್ಟರು. ಹತ್ತು ಗಂಟೆಯೊಳಗೆ ಇಳಿಯಬೇಕಾಗಿತ್ತು. ಅವನಿಗೆ ಕಾಫಿ ಮೂಟೆ ಸಾಗಿಸುವ ಇನ್ನೊಂದು ಬಾಡಿಗೆ ಇತ್ತು.